ಕಲಿತು ಬಂದವರಿಗೆ ಹೋಟೆಲಿನವರು ಮತ್ತೆ ಕಲಿಸಬೇಕಾಗಿ ಬರುವುದೇಕೆ?

ಪ್ರಶ್ನೆ: ಹೋಟೆಲ್ ಮತ್ತು ಪ್ರವಾಸೋದ್ಯಮ ಕ್ಷೇತ್ರಕ್ಕೆಂದು ನಾವು ಆರು ತಿಂಗಳ ಕೋರ್ಸ್ ನಡೆಸುತ್ತಿದ್ದೇವೆ. ಪಠ್ಯ ರೂಪಿಸುವ ಮೊದಲು ಹಲವು ಹೋಟೆಲ್‌ಗಳ ಎಚ್‌ಆರ್ ಮ್ಯಾನೇಜರ್‌ಗಳನ್ನು ಕಂಡು ಏನು ಬೇಕೆಂದು ವಿಚಾರಿಸಿದ್ದೆವು. ‘ಸಂವಹನ ಚೆನ್ನಾಗಿರಬೇಕು, ಮನೋಭಾವ ಚೆನ್ನಾಗಿರಬೇಕು’ ಎಂದರು. ಎರಡಕ್ಕೂ ಬೇರೆ ಬೇರೆ ತರಗತಿ ಇಟ್ಟೆವು. ಆದರೂ ‘ನಿಮ್ಮ ಕಡೆಯವರಿಗೆ ಎಲ್ಲವನ್ನೂ ಮೊದಲಿನಿಂದ ಹೇಳಿಕೊಡಬೇಕು’ ಎಂಬ ದೂರು ನಿಂತಿಲ್ಲ. ಕೆಲಸಕ್ಕೆ ಸೇರಿದವರಲ್ಲಿ ಅನೇಕರು ಮೂರು ತಿಂಗಳೊಳಗೆ ಬಿಟ್ಟುಬಿಡುತ್ತಾರೆ. ಎಲ್ಲಿ ತಪ್ಪುತ್ತಿದೆ?

ಉತ್ತರ: ನೀವು ಉದ್ಯೋಗದಾತರನ್ನು ಕೇಳಿದ್ದು ಸರಿ. ಆದರೆ ಕೇಳಿದ ಪ್ರಶ್ನೆಯೂ ಅದಕ್ಕೆ ಉತ್ತರಿಸಿದ ವ್ಯಕ್ತಿಯೂ ಬದಲಾಗಬೇಕಿತ್ತು. ಎಚ್‌ಆರ್ ಮ್ಯಾನೇಜರ್ ಆಯ್ಕೆ ಮಾಡುತ್ತಾರೆ, ಅಷ್ಟೆ. ಹೊಸಬರ ಜೊತೆ ದಿನವಿಡೀ ಏಗುವವರು ಫ್ಲೋರ್ ಸೂಪರ್‌ವೈಸರ್, ರೆಸ್ಟೋರೆಂಟ್ ಕ್ಯಾಪ್ಟನ್, ಸೂ ಶೆಫ್ (ಮುಖ್ಯ ಶೆಫ್ ನಂತರದವರು), ಫ್ರಂಟ್ ಆಫೀಸಿನ (ಸ್ವಾಗತ ಕೌಂಟರಿನ) ಶಿಫ್ಟ್ ಲೀಡರ್. ‘ಏನು ಬೇಕು’ ಎಂದು ಯಾರನ್ನು ಕೇಳಿದರೂ ಒಳ್ಳೆಯ ಗುಣಗಳ ಪಟ್ಟಿ ಸಿಗುತ್ತದೆ. ಆ ಪಟ್ಟಿಯಿಂದ ಪಾಠ ಹುಟ್ಟುವುದಿಲ್ಲ.

ಸೂಪರ್‌ವೈಸರ್‌ಗಳ ಮುಂದೆ ಇಡಬೇಕಾದ ಪ್ರಶ್ನೆಗಳು ಬೇರೆಯವು. ಹೊಸಬರಿಗೆ ಮೂರನೆಯ ದಿನ ಯಾವ ಕೆಲಸ ಒಂಟಿಯಾಗಿ ಮಾಡಲು ಬಿಡುತ್ತೀರಿ? ಒಂದು ತಿಂಗಳಾದರೂ ಕೊಡಲು ಹಿಂಜರಿಯುವ ಕೆಲಸ ಯಾವುದು? ಅವರು ಮಾಡಿದ್ದರಲ್ಲಿ ಯಾವುದನ್ನು ನೀವೇ ಮತ್ತೆ ಮಾಡಬೇಕಾಯಿತು? ಕಳೆದ ವಾರ ಅತಿಥಿಗಳಿಂದ ಬಂದ ದೂರುಗಳಲ್ಲಿ ಹೊಸಬರ ಕೈಯಿಂದಾದದ್ದು ಎಷ್ಟು, ಏನು? ಇವಕ್ಕೆ ಯಾರೂ ‘ಮನೋಭಾವ’ ಎಂದು ಉತ್ತರಿಸುವುದಿಲ್ಲ. ‘ಟ್ರಾಲಿ ತುಂಬಿಸಿಕೊಳ್ಳಲು ಬರುವುದಿಲ್ಲ, ಪ್ರತಿ ರೂಮಿಗೂ ಲಿನಿನ್ ಸ್ಟೋರಿಗೆ ಓಡುತ್ತಾರೆ’ ಎನ್ನುತ್ತಾರೆ. ನಿಮಗೆ ಬೇಕಾಗಿರುವುದು ಅಂಥ ವಾಕ್ಯಗಳು.

ಮಾತಿನ ಜೊತೆ ಕಣ್ಣಾರೆ ನೋಡುವುದೂ ಬೇಕು. ಹೌಸ್‌ಕೀಪಿಂಗ್‌ಗೆ ಬೆಳಗಿನ ಒಂಬತ್ತರಿಂದ ಮಧ್ಯಾಹ್ನ ಒಂದರವರೆಗೆ, ಫ್ರಂಟ್ ಆಫೀಸಿಗೆ ಚೆಕ್‌ಔಟ್ ಮತ್ತು ಚೆಕ್‌ಇನ್ ಒಂದರ ಮೇಲೊಂದು ಬೀಳುವ ಹೊತ್ತು, ರೆಸ್ಟೋರೆಂಟಿಗೆ ರಾತ್ರಿಯ ಊಟದ ಶಿಫ್ಟ್. ನಿಮ್ಮ ಶಿಕ್ಷಕರು ಆ ಹೊತ್ತಿನಲ್ಲಿ ಒಬ್ಬ ಅನುಭವಿ ಕೆಲಸಗಾರರ ಹಿಂದೆಯೇ ಇದ್ದು, ಏನು ಮಾಡಿದರು, ಎಷ್ಟು ನಿಮಿಷ ಹಿಡಿಯಿತು, ಎಲ್ಲಿ ನಿರ್ಧಾರ ತೆಗೆದುಕೊಂಡರು ಎಂದು ಬರೆದುಕೊಳ್ಳಲಿ. ಎಂಟು ಹತ್ತು ಸಂಸ್ಥೆ ಸಾಕು, ಆದರೆ ಬಗೆ ಬಗೆಯವು ಇರಲಿ: ಚೈನ್ ಹೋಟೆಲ್, ರೆಸಾರ್ಟ್, 20 ರೂಮಿನ ಲಾಡ್ಜ್, ಬಿಡಿ ರೆಸ್ಟೋರೆಂಟ್, ಟ್ರಾವೆಲ್ ಏಜೆನ್ಸಿ. ನಿಮ್ಮ ವಿದ್ಯಾರ್ಥಿಗಳು ಹೆಚ್ಚಾಗಿ ಹೋಗುವುದು ಸಣ್ಣ ಹೋಟೆಲಿಗೆ, ಪಠ್ಯ ಇರುವುದು ಪಂಚತಾರಾ ಹೋಟೆಲಿನದು ಎಂದಾದರೆ ದೂರು ತಪ್ಪಿದ್ದಲ್ಲ. ಸಣ್ಣ ಕಡೆ ಒಬ್ಬರೇ ಫೋನ್ ಎತ್ತಬೇಕು, ಚೆಕ್‌ಇನ್ ಮಾಡಬೇಕು, ರೂಮ್ ಸರ್ವಿಸ್ ಆರ್ಡರ್ ಬರೆದುಕೊಳ್ಳಬೇಕು.

ಹೀಗೆ ಕಲೆಹಾಕಿದ್ದನ್ನು ಒಂದು ರೂಪಕ್ಕೆ ತರಲು 1960ರ ದಶಕದ ಕೊನೆಗೆ ಕೆನಡಾದಲ್ಲಿ ಬೆಳೆದ ‘ಡೇಕಮ್’ ಎಂಬ ವಿಧಾನ ಈ ಕ್ಷೇತ್ರಕ್ಕೆ ಚೆನ್ನಾಗಿ ಹೊಂದುತ್ತದೆ. ಒಂದೊಂದು ಹುದ್ದೆಗೂ ಆ ಕೆಲಸದಲ್ಲಿ ಪಳಗಿದ ಐದರಿಂದ ಹನ್ನೆರಡು ಮಂದಿಯನ್ನು ಎರಡು ದಿನ ಒಂದೆಡೆ ಕೂರಿಸಿ. ಅವರು ಹೇಳುವ ಪ್ರತಿಯೊಂದು ಕೆಲಸವನ್ನೂ ಒಂದೊಂದು ಕಾರ್ಡಿನಲ್ಲಿ ಬರೆದು ಗೋಡೆಗೆ ಅಂಟಿಸಿ. ಕಾರ್ಡಿನ ಮೇಲಿರಬೇಕಾದದ್ದು ಕಣ್ಣಿಗೆ ಕಾಣುವ ಕೆಲಸ. ‘ಫೋಲಿಯೊಗೆ (ಅತಿಥಿಯ ಲೆಕ್ಕದ ಹಾಳೆಗೆ) ಬಿಲ್ ಏರಿಸುವುದು’ ಎಂಬ ಕಾರ್ಡ್ ಸರಿ, ‘ಬಿಲ್ಲಿಂಗ್ ಜ್ಞಾನ’ ಎಂಬುದನ್ನು ಕಿತ್ತು ಮತ್ತೆ ಬರೆಸಿ. ಮ್ಯಾನೇಜರ್‌ಗಳನ್ನು ಈ ಕೋಣೆಯಿಂದ ಹೊರಗಿಡುವುದು ಒಳ್ಳೆಯದು. ಅವರಿದ್ದರೆ ಕೆಲಸಗಾರರು ನಿಜವಾಗಿ ಮಾಡುವುದನ್ನು ಬಿಟ್ಟು ಮಾಡಬೇಕಾದದ್ದನ್ನೇ ಹೇಳುತ್ತಾರೆ. ಮಾದರಿ ಪಟ್ಟಿ ಬೇಕಿದ್ದರೆ ಆಗ್ನೇಯ ಏಷ್ಯಾದ ಆಸಿಯಾನ್ ಒಕ್ಕೂಟದ ದೇಶಗಳು ಪ್ರವಾಸೋದ್ಯಮ ವೃತ್ತಿಪರರಿಗಾಗಿ ಮಾಡಿಕೊಂಡ ಪರಸ್ಪರ ಮಾನ್ಯತೆಯ ಒಪ್ಪಂದವನ್ನು ನೋಡಿ. ಅದರಲ್ಲಿ ಆರು ವಿಭಾಗಗಳ 32 ಹುದ್ದೆಗಳಿವೆ. ಅದನ್ನು ಪಕ್ಕದಲ್ಲಿಟ್ಟುಕೊಂಡು ನಿಮ್ಮ ಪಟ್ಟಿಯಲ್ಲಿ ಬಿಟ್ಟುಹೋದದ್ದೇನು ಎಂದು ಪರೀಕ್ಷಿಸಿ. ಇದ್ದಂತೆಯೇ ನಕಲು ಮಾಡಬೇಡಿ.

ಪಟ್ಟಿ ಉದ್ದವಾಗುತ್ತದೆ, ಒಂದು ಹುದ್ದೆಗೆ ನೂರರ ಆಸುಪಾಸು ಕೆಲಸಗಳು ಸಾಮಾನ್ಯ. ಆರು ತಿಂಗಳಲ್ಲಿ ಎಲ್ಲವೂ ಆಗದು. ಪ್ರತಿ ಕೆಲಸಕ್ಕೂ ಮೂರು ಅಂಕ ಕೊಡಿ: ಎಷ್ಟು ಸಲ ಬರುತ್ತದೆ, ತಪ್ಪಿದರೆ ಎಷ್ಟು ಅನಾಹುತ, ಕಲಿಯಲು ಎಷ್ಟು ಕಷ್ಟ. ದಿನವೂ ಬರುವ, ಕಲಿಯಲು ಕಷ್ಟವಾದ ಕೆಲಸಕ್ಕೆ ನಿಮ್ಮ ಗಂಟೆಗಳಲ್ಲಿ ದೊಡ್ಡ ಪಾಲು ಹೋಗಲಿ. ದಿನವೂ ಬರುವ, ಸುಲಭದ ಕೆಲಸವನ್ನು ಹೋಟೆಲಿಗೇ ಬಿಡಿ. ಬೆಂಕಿ, ಲಿಫ್ಟಿನಲ್ಲಿ ಸಿಲುಕಿದ ಅತಿಥಿ, ಗಂಟಲಲ್ಲಿ ಆಹಾರ ಸಿಕ್ಕಿಕೊಂಡವರು, ಆಹಾರದ ಅಲರ್ಜಿ ಇವು ಅಪರೂಪ, ಆದರೆ ಪ್ರಾಣಕ್ಕೆ ಸಂಬಂಧಿಸಿದವು. ಇವನ್ನು ಪಾಠ ಮಾಡಿ ಕೈಬಿಡಬೇಡಿ. ತಿಂಗಳಿಗೊಮ್ಮೆ ಅಣಕು ಅಭ್ಯಾಸ ನಡೆಯಲೇಬೇಕು. ಅಪರೂಪವೂ ನಿರಪಾಯವೂ ಆದದ್ದನ್ನು ಪಠ್ಯದಿಂದ ಕಿತ್ತುಹಾಕಿ. ಶಿಕ್ಷಕರಿಗೆ ಕಷ್ಟವಾಗುವುದು ಇದೇ. ನ್ಯಾಪ್‌ಕಿನ್‌ನಲ್ಲಿ ಹತ್ತು ಬಗೆಯ ಹೂವು ಮಡಿಸುವುದು ಎಲ್ಲ ಪಠ್ಯಗಳಲ್ಲೂ ಇರುತ್ತದೆ, ಆದರೆ ಆರು ಟೇಬಲ್‌ಗಳ ಆರ್ಡರ್ ಒಟ್ಟಿಗೆ ನಿಭಾಯಿಸುವ ಅಭ್ಯಾಸ ಬಹಳ ಕಡೆ ಇರುವುದಿಲ್ಲ.

ಇನ್ನು ‘ಸಂವಹನ’ದ ವಿಷಯ. ಹೋಟೆಲಿನವರು ಆ ಪದ ಬಳಸಿದಾಗ ಹೆಚ್ಚಾಗಿ ಅವರ ಮನಸ್ಸಿನಲ್ಲಿರುವುದು ಭಾಷಣ ಕಲೆಯಲ್ಲ. ಒಂದು ಸಂದರ್ಭ ನೋಡಿ. ಚೆಕ್‌ಇನ್ ಸಮಯ ಮಧ್ಯಾಹ್ನ ಎರಡು ಗಂಟೆ, ಅತಿಥಿ ಹನ್ನೊಂದಕ್ಕೇ ಬಂದು ನಿಂತಿದ್ದಾರೆ, ರೂಮ್ ಸಿದ್ಧವಿಲ್ಲ. ಕೆಲಸ ಬಲ್ಲವರು ಮೊದಲು ಬುಕ್ಕಿಂಗ್ ಇದೆಯೆಂದು ಹೆಸರು ಹಿಡಿದು ಖಚಿತಪಡಿಸುತ್ತಾರೆ. ಆಮೇಲೆ ಹೌಸ್‌ಕೀಪಿಂಗ್‌ಗೆ ಫೋನ್ ಮಾಡಿ ಯಾವ ರೂಮ್ ಯಾವಾಗ ಸಿಗುತ್ತದೆಂದು ಕೇಳುತ್ತಾರೆ. ‘ಸ್ವಲ್ಪ ಹೊತ್ತು’ ಎನ್ನದೆ ‘ಹನ್ನೆರಡೂವರೆಗೆ’ ಎಂದು ಗಂಟೆ ಹೇಳುತ್ತಾರೆ. ಗುರುತಿನ ಚೀಟಿ, ನೋಂದಣಿ, ಮುಂಗಡ ಎಲ್ಲವನ್ನೂ ಆಗಲೇ ಮುಗಿಸುತ್ತಾರೆ. ಲಗೇಜಿಗೆ ಟ್ಯಾಗ್ ಹಾಕಿ ಒಳಗಿಡಿಸುತ್ತಾರೆ, ಮೊಬೈಲ್ ಸಂಖ್ಯೆ ಬರೆದುಕೊಳ್ಳುತ್ತಾರೆ. ಹನ್ನೆರಡೂಕಾಲಿಗೆ, ರೂಮ್ ಸಿದ್ಧವಾಗಿರದಿದ್ದರೂ, ತಾವಾಗಿ ಕರೆ ಮಾಡುತ್ತಾರೆ. ಕೊನೆಗೆ ಕೀ ಕೊಡುವಾಗ ರೂಮ್ ನಂಬರನ್ನು ಲಾಬಿಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳದೆ ಕೀ ಕಾರ್ಡಿನ ಕವರಿನ ಮೇಲೆ ಬರೆದು ತೋರಿಸುತ್ತಾರೆ.

ಇಲ್ಲಿ ಹೊಸಬರು ಎಡವುವುದು ನಗುವಿನಲ್ಲೂ ಅಲ್ಲ, ಉಚ್ಚಾರಣೆಯಲ್ಲೂ ಅಲ್ಲ. ಕೊಟ್ಟ ಮಾತು ಲಾಗ್ ಬುಕ್ಕಿಗೆ ಹೋಗುವುದಿಲ್ಲ. ಅಷ್ಟರಲ್ಲಿ ಅವರು ಊಟಕ್ಕೆ ಎದ್ದಿರುತ್ತಾರೆ, ಡೆಸ್ಕಿಗೆ ಬಂದವರಿಗೆ ಹನ್ನೆರಡೂವರೆಯ ಮಾತೇ ಗೊತ್ತಿರುವುದಿಲ್ಲ. ಹೋಟೆಲಿನವರು ಇದನ್ನೇ ‘ಸಂವಹನ ಸರಿಯಿಲ್ಲ’ ಎನ್ನುವುದು. ಆದ್ದರಿಂದ ನಿಮ್ಮ ಸಂವಹನ ತರಗತಿಯಲ್ಲಿ ಶಿಫ್ಟ್ ಹಸ್ತಾಂತರದ ಟಿಪ್ಪಣಿ ಬರೆಯುವುದು, ಫೋನಿನಲ್ಲಿ ಬಂದ ಆರ್ಡರನ್ನು ಮರಳಿ ಓದಿ ಹೇಳುವುದು, ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿ ಕೇಳುವುದು, ಬರಿ ‘ಆಗುವುದಿಲ್ಲ’ ಎಂದು ನಿಲ್ಲಿಸದೆ ಏನು ಆಗುತ್ತದೆಂದು ಹೇಳುವುದು ಇರಲಿ. ಭಾಷಾ ಪಾಠವನ್ನು ವ್ಯಾಕರಣದ ಪ್ರತ್ಯೇಕ ಗಂಟೆಯಾಗಿ ಇಡುವುದಕ್ಕಿಂತ ಪ್ರತಿದಿನ 30–40 ನಿಮಿಷ ಆ ದಿನದ ಪ್ರಾಯೋಗಿಕ ಕೆಲಸಕ್ಕೇ ಜೋಡಿಸಿ. ‘ಮನೋಭಾವ’ವನ್ನೂ ಹೀಗೆಯೇ ಒಡೆಯಬೇಕು. ಶಿಫ್ಟಿಗೆ ಹತ್ತು ನಿಮಿಷ ಮೊದಲು ಯೂನಿಫಾರ್ಮಿನಲ್ಲಿ ಬ್ರೀಫಿಂಗ್‌ಗೆ ನಿಲ್ಲುವುದು, ಹತ್ತು ಅಡಿ ದೂರದಲ್ಲಿ ಅತಿಥಿಯ ಕಣ್ಣು ನೋಡಿ ನಗುವುದು, ಐದು ಅಡಿಗೆ ಬಂದಾಗ ಮಾತಾಡಿಸುವುದು. ಇವೆಲ್ಲ ಎಣಿಸಬಹುದಾದವು, ಅಭ್ಯಾಸದಿಂದ ಬರುವಂಥವು.

ಪಟ್ಟಿ ಮುಗಿದ ಮೇಲೆ ಪಾಠ ಬರೆಯಲು ಕೂರಬೇಡಿ, ಮೊದಲು ಪರೀಕ್ಷೆ ಬರೆಯಿರಿ. ಪ್ರತಿ ಕೆಲಸಕ್ಕೂ ಯಾವ ಸ್ಥಿತಿಯಲ್ಲಿ, ಎಷ್ಟು ಹೊತ್ತಿನಲ್ಲಿ, ಯಾವ ಮಟ್ಟಕ್ಕೆ ಆಗಬೇಕೆಂದು ನಿಗದಿಯಾಗಲಿ. ಅತಿಥಿ ಖಾಲಿ ಮಾಡಿದ ರೂಮ್ ಸಿದ್ಧಪಡಿಸುವುದನ್ನೇ ತೆಗೆದುಕೊಳ್ಳೋಣ. ಬಾಗಿಲು ತಟ್ಟಿ ‘ಹೌಸ್‌ಕೀಪಿಂಗ್’ ಎಂದು ಹೇಳಿ ಕಾಯುವುದು, ಹೀಗೆ ಮೂರು ಸಲ. ಪರದೆ ಸರಿಸಿ ದೀಪಗಳೆಲ್ಲ ಉರಿಯುತ್ತವೆಯೇ ನೋಡುವುದು. ಕಸ ತೆಗೆದು, ಹಾಸಿಗೆ ಬಟ್ಟೆಯನ್ನು ಒಂದೊಂದಾಗಿ ಬಿಡಿಸುವುದು. ಒಟ್ಟಿಗೆ ಸುತ್ತಿ ಎಳೆದರೆ ಅತಿಥಿ ಬಿಟ್ಟ ಉಂಗುರ, ಚಾರ್ಜರ್ ಲಾಂಡ್ರಿ ಸೇರುತ್ತದೆ. ಹಾಸಿಗೆ ಹಾಕುವ ಮೊದಲೇ ಬಾತ್‌ರೂಮಿಗೆ ಹೋಗಿ ಟಾಯ್ಲೆಟ್‌ಗೆ ಕ್ಲೀನರ್ ಹಾಕಿ ಬರುವುದು. ಆಮೇಲೆ ಹಾಸಿಗೆ, ಬಾಗಿಲಿನಿಂದ ಶುರುಮಾಡಿ ಒಂದೇ ದಿಕ್ಕಿನಲ್ಲಿ ಮೇಲಿನಿಂದ ಕೆಳಕ್ಕೆ ಧೂಳು, ಬಾತ್‌ರೂಮ್, ಸಾಮಾನು ತುಂಬಿಸುವುದು, ಕೊನೆಗೆ ದೂರದ ಮೂಲೆಯಿಂದ ಬಾಗಿಲ ಕಡೆಗೆ ವ್ಯಾಕ್ಯೂಮ್.

ಈ ಅನುಕ್ರಮಕ್ಕೆ ಕಾರಣವಿದೆ, ಅದನ್ನೂ ಕಲಿಸಿ. ಸೋಂಕುನಿವಾರಕ ಕೆಲಸ ಮಾಡಲು ಲೇಬಲ್ಲಿನಲ್ಲಿ ಹೇಳಿದಷ್ಟು ಹೊತ್ತು ಮೇಲ್ಮೈ ಒದ್ದೆಯಾಗಿರಬೇಕು. ಅದು ಎಷ್ಟೋ ಸಲ ಐದು ಹತ್ತು ನಿಮಿಷ. ಸಿಂಪಡಿಸಿದ ತಕ್ಷಣ ಒರೆಸಿದರೆ ವಾಸನೆ ಬರುತ್ತದೆ, ಸೂಕ್ಷ್ಮಾಣು ಸಾಯುವುದಿಲ್ಲ. ಆಮ್ಲದ ಟಾಯ್ಲೆಟ್ ಕ್ಲೀನರ್ ಮತ್ತು ಬ್ಲೀಚ್ ಒಂದರ ಮೇಲೊಂದು ಬಿದ್ದರೆ ಕ್ಲೋರಿನ್ ಅನಿಲ ಹುಟ್ಟುತ್ತದೆ. ಮುಚ್ಚಿದ ಬಾತ್‌ರೂಮಿನಲ್ಲಿ ಇದು ಅಪಾಯ. ಟಾಯ್ಲೆಟ್ ಒರೆಸಿದ ಬಟ್ಟೆಯಿಂದಲೇ ಕುಡಿಯುವ ಲೋಟ ಒರೆಸುವುದು ಈ ಕೆಲಸದ ಅತಿ ಕೆಟ್ಟ ತಪ್ಪು. ಒಂದೊಂದು ಜಾಗಕ್ಕೆ ಒಂದೊಂದು ಬಣ್ಣದ ಬಟ್ಟೆ ಎಂಬ ಪದ್ಧತಿ ಇರುವುದು ಅದಕ್ಕಾಗಿಯೇ.

ವೇಗದ ದೂರು ಬರುವುದೂ ಇಲ್ಲಿಂದ. ಒಂದು ಶಿಫ್ಟಿಗೆ 12ರಿಂದ 16 ರೂಮ್ ಕೊಡುವುದು ಹೋಟೆಲ್‌ಗಳಲ್ಲಿ ಸಾಮಾನ್ಯ. ಅಂದರೆ ರೂಮಿಗೆ ಸರಾಸರಿ ಅರ್ಧ ಗಂಟೆ. ತರಬೇತಿ ಕೇಂದ್ರದಲ್ಲಿ ಒಂದೇ ಮಾದರಿ ರೂಮ್, ಮೂವತ್ತು ವಿದ್ಯಾರ್ಥಿಗಳು. ಒಬ್ಬೊಬ್ಬರಿಗೆ ಒಂದು ಹಾಸಿಗೆ ಹಾಕುವಷ್ಟು ಸಮಯ ಸಿಗುತ್ತದೆ. ಮೊದಲ ವಾರ ಒಂದು ರೂಮಿಗೆ 60 ನಿಮಿಷ ಬಿಡಿ, ಆದರೆ ಒಂದು ಹೆಜ್ಜೆಯೂ ತಪ್ಪಬಾರದು. ಎರಡನೆಯ ವಾರ 45 ನಿಮಿಷ. ನಾಲ್ಕನೆಯ ವಾರದ ಹೊತ್ತಿಗೆ ನಾಲ್ಕು ರೂಮ್ ಸಾಲಾಗಿ, ರೂಮಿಗೆ 35 ನಿಮಿಷದೊಳಗೆ, ಟ್ರಾಲಿ ತಾವೇ ತುಂಬಿಸಿಕೊಂಡು. ನಾಲ್ಕನೆಯ ರೂಮಿನಲ್ಲಿ ದಣಿವು ಕಾಣುತ್ತದೆ, ಬೆನ್ನು ಬಾಗಿಸುವ ತಪ್ಪು ಕಾಣುತ್ತದೆ, ಮರೆತ ಟವೆಲ್ ಕಾಣುತ್ತದೆ. ಒಂದೇ ರೂಮಿನ ಪರೀಕ್ಷೆಯಲ್ಲಿ ಇವು ಯಾವುವೂ ಬಯಲಾಗುವುದಿಲ್ಲ. ನಿಮ್ಮಲ್ಲಿ ರೂಮ್ ಇಲ್ಲದಿದ್ದರೆ ಪಾಲುದಾರ ಹೋಟೆಲಿನಲ್ಲಿ ಸೀಸನ್ ಇಲ್ಲದ ತಿಂಗಳುಗಳಲ್ಲಿ ಒಂದು ಅಂತಸ್ತು ಕೇಳಿ. ಹಣ ಕೇಳುವುದಕ್ಕಿಂತ ಇದು ಸುಲಭವಾಗಿ ಸಿಗುತ್ತದೆ.

ಕಿಚನ್ನಿನಲ್ಲೂ ಇದೇ ತೊಡಕು, ರೂಪ ಬೇರೆ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಆಹಾರ ಇಡಬಾರದು, ಒಳಭಾಗ ಕನಿಷ್ಠ 70 ಡಿಗ್ರಿ ಮುಟ್ಟುವಂತೆ ಬೇಯಿಸಬೇಕು ಎಂದು ವಿದ್ಯಾರ್ಥಿಗಳು ಬಾಯಿಪಾಠ ಒಪ್ಪಿಸುತ್ತಾರೆ. ಥರ್ಮಾಮೀಟರ್ ಕೈಗೆ ಕೊಟ್ಟರೆ ತೆಳು ಅಂಚಿಗೆ ಚುಚ್ಚುತ್ತಾರೆ, ಇಲ್ಲವೇ ಮೂಳೆಗೆ ತಾಗಿಸುತ್ತಾರೆ. ದಪ್ಪ ಭಾಗದ ನಡುವಿಗೆ ಚುಚ್ಚಬೇಕು, ಅಂಕಿ ನಿಲ್ಲುವವರೆಗೆ ಕಾಯಬೇಕು, ಪ್ರತಿ ಸಲವೂ ಮೊನೆಯನ್ನು ಶುಚಿಗೊಳಿಸಬೇಕು, ಪುಡಿ ಐಸು ಬೆರೆಸಿದ ನೀರಿನಲ್ಲಿ ಸೊನ್ನೆ ತೋರಿಸುತ್ತದೆಯೇ ಎಂದು ಪರೀಕ್ಷಿಸಬೇಕು. ಬಿಸಿ ಅಡುಗೆಯನ್ನು 60ರಿಂದ 21 ಡಿಗ್ರಿಗೆ ಎರಡು ಗಂಟೆಯೊಳಗೆ, ಅಲ್ಲಿಂದ 5ಕ್ಕೆ ಮುಂದಿನ ನಾಲ್ಕು ಗಂಟೆಯೊಳಗೆ ಇಳಿಸಬೇಕು. ದೊಡ್ಡ ಪಾತ್ರೆಯನ್ನು ಹಾಗೆಯೇ ಫ್ರಿಜ್ಜಿಗೆ ತಳ್ಳಿದರೆ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ಇದನ್ನು ಹೇಳಿ ನಂಬಿಸುವ ಬದಲು ಒಂದು ಪಾತ್ರೆಯನ್ನು ಹಾಗೆಯೇ ಇಡಿಸಿ, ಇನ್ನೊಂದನ್ನು ಅಗಲ ತಟ್ಟೆಗಳಿಗೆ ಹಂಚಿಸಿ, ಅರ್ಧ ಗಂಟೆಗೊಮ್ಮೆ ತಾಪಮಾನ ಬರೆಸಿ. ಆ ಎರಡು ಸಾಲು ಅಂಕಿಗಳನ್ನು ನೋಡಿದವರು ಮರೆಯುವುದಿಲ್ಲ.

ಸರ್ವಿಸ್‌ನಲ್ಲಿ ಒಂದು ಟೇಬಲ್ಲಿಗೆ ಚೆಂದವಾಗಿ ಬಡಿಸುವುದನ್ನು ಎಲ್ಲರೂ ಕಲಿಸುತ್ತಾರೆ. ನೀವು ಆರು ಟೇಬಲ್, ಇಬ್ಬರು ಸ್ಟೀವರ್ಡ್ ಇಟ್ಟು ಅಭ್ಯಾಸ ಮಾಡಿಸಿ. ಸೀಟ್ ನಂಬರ್ ಸಹಿತ ಕೆಒಟಿ (ಕಿಚನ್ನಿಗೆ ಕಳಿಸುವ ಆರ್ಡರ್ ಚೀಟಿ) ಬರೆಯದಿದ್ದರೆ ‘ಇದು ಯಾರದು’ ಎಂದು ಟೇಬಲ್ಲಿನಲ್ಲಿ ಹರಾಜು ಕೂಗುವ ಪರಿಸ್ಥಿತಿ ಬರುತ್ತದೆ. ನಡುವೆ ಒಬ್ಬರು ‘ಇದರಲ್ಲಿ ಕಡಲೆಕಾಯಿ ಇದೆಯೇ’ ಎಂದು ಕೇಳಲಿ. ‘ಇಲ್ಲ ಅನಿಸುತ್ತದೆ’ ಎಂದ ವಿದ್ಯಾರ್ಥಿ ಅಲ್ಲಿಗೇ ಅನುತ್ತೀರ್ಣ. ಶೆಫ್‌ರನ್ನು ಕೇಳಿ ಬಂದು ಹೇಳುವುದೊಂದೇ ಸರಿಯಾದ ಉತ್ತರ.

ಫ್ರಂಟ್ ಆಫೀಸ್ ಸಾಫ್ಟ್‌ವೇರ್ ಬಗ್ಗೆ ಉದ್ಯೋಗದಾತರು ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ. ಅದರ ಬೆನ್ನು ಹತ್ತಬೇಡಿ. ರಿಸರ್ವೇಶನ್, ಫೋಲಿಯೊ, ರೂಮಿನ ಸ್ಥಿತಿ, ನೈಟ್ ಆಡಿಟ್ (ರಾತ್ರಿ ಆ ದಿನದ ಲೆಕ್ಕ ತಾಳೆ ನೋಡುವುದು) ಇವುಗಳ ನಡುವಿನ ನಂಟು ಕಾಗದದ ಮೇಲೆ ಒಮ್ಮೆ ತಿಳಿದರೆ ಯಾವ ಸಾಫ್ಟ್‌ವೇರ್ ಆದರೂ ಕೆಲವೇ ದಿನಗಳಲ್ಲಿ ಕೈಗೆ ಬರುತ್ತದೆ.

ಪ್ರವಾಸದ ಭಾಗದಲ್ಲಿ ಲೆಕ್ಕ ಮತ್ತು ದಿನಾಂಕ ಇವೆರಡರಲ್ಲೇ ದೊಡ್ಡ ನಷ್ಟಗಳಾಗುತ್ತವೆ. ಬಸ್ಸು, ಗೈಡ್ ಖರ್ಚನ್ನು 20 ಜನಕ್ಕೆ ಹಂಚಿ ದರ ಹೇಳಿದ್ದೀರಿ, ಬಂದವರು 14 ಎಂದಾದರೆ ಆ ಸ್ಥಿರ ಖರ್ಚಿನ ಶೇ 30ರಷ್ಟು ಏಜೆನ್ಸಿಯ ಕೈಯಿಂದ ಹೋಗುತ್ತದೆ. ಹಾಗಾಗಿ 10, 15, 20 ಎಂದು ಜನಸಂಖ್ಯೆಯ ಹಂತಗಳಿಗೆ ಬೇರೆ ಬೇರೆ ದರ ಹಾಕುವ ಅಭ್ಯಾಸ ಬೇಕು. 12ನೇ ತಾರೀಕು 00:15ರ ವಿಮಾನಕ್ಕೆ 11ರ ರಾತ್ರಿಯೇ ನಿಲ್ದಾಣದಲ್ಲಿರಬೇಕು. ಹೊಸಬರು 12ರ ರಾತ್ರಿಗೆ ಕಾರು ಬುಕ್ ಮಾಡುತ್ತಾರೆ. ಟಿಕೆಟ್ಟಿನ ಹೆಸರು ಪಾಸ್‌ಪೋರ್ಟಿನ ಹೆಸರಿನೊಂದಿಗೆ ಅಕ್ಷರಶಃ ಹೊಂದಬೇಕು. ಅನೇಕ ದೇಶಗಳು ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳ ಅವಧಿ ಉಳಿದಿರಬೇಕೆಂದು ಕೇಳುತ್ತವೆ. ಇಂಥ ತಪ್ಪುಗಳನ್ನು ಬೇಕೆಂದೇ ಬೆರೆಸಿದ ಬುಕ್ಕಿಂಗ್ ಫೈಲುಗಳನ್ನು ಕೊಟ್ಟು ಹುಡುಕಿಸುವುದು ಉಪನ್ಯಾಸಕ್ಕಿಂತ ಹೆಚ್ಚು ಫಲ ಕೊಡುತ್ತದೆ.

ಮೌಲ್ಯಮಾಪನದಲ್ಲಿ ಸರಾಸರಿ ಅಂಕ ಬೇಡ. ಹಾಸಿಗೆಗೆ ಹತ್ತಕ್ಕೆ ಹತ್ತು, ಟಾಯ್ಲೆಟ್ ಬಟ್ಟೆಯಿಂದ ಲೋಟ ಒರೆಸಿದ್ದಕ್ಕೆ ಸೊನ್ನೆ, ಒಟ್ಟಾರೆ ಪಾಸು ಎಂಬುದಕ್ಕೆ ಅರ್ಥವಿಲ್ಲ. ಪ್ರತಿ ಚೆಕ್‌ಲಿಸ್ಟಿನಲ್ಲಿ ನಾಲ್ಕೈದು ಹೆಜ್ಜೆಗಳನ್ನು ‘ತಪ್ಪಲೇಬಾರದು’ ಎಂದು ಗುರುತಿಸಿ. ಒಂದು ತಪ್ಪಿದರೂ ಮತ್ತೊಮ್ಮೆ ಕಲಿತು ಬಂದು ಪರೀಕ್ಷೆ ಕೊಡಲಿ. ಇಬ್ಬರು ಪರೀಕ್ಷಕರು ಒಂದೇ ಪ್ರದರ್ಶನಕ್ಕೆ ಬೇರೆ ಬೇರೆಯಾಗಿ ಗುರುತು ಹಾಕಲಿ, ಒಬ್ಬರು ಹೋಟೆಲಿನ ಸೂಪರ್‌ವೈಸರ್ ಆಗಿರಲಿ. ಇಬ್ಬರ ಗುರುತು ಹೊಂದದ ಕಡೆ ಆ ಹೆಜ್ಜೆಯನ್ನು ಸ್ಪಷ್ಟವಾಗಿ ತಿದ್ದಿ ಬರೆಯಿರಿ.

ಸಮಯದ ಹಂಚಿಕೆಯಲ್ಲಿ ಕೈಗಾರಿಕಾ ತರಬೇತಿಯನ್ನು ಕೊನೆಗೆ ಒಂದೇ ಗಂಟಾಗಿ ಇಡುವುದು ರೂಢಿ. ಅದನ್ನು ಎರಡಾಗಿ ಒಡೆಯಿರಿ: ಎಂಟು ವಾರ ಕೇಂದ್ರದಲ್ಲಿ, ನಾಲ್ಕು ವಾರ ಹೋಟೆಲಿನಲ್ಲಿ, ಮತ್ತೆ ನಾಲ್ಕು ವಾರ ಕೇಂದ್ರದಲ್ಲಿ, ಉಳಿದ ಎಂಟು ವಾರ ಹೋಟೆಲಿನಲ್ಲಿ. ಮೊದಲ ನಾಲ್ಕು ವಾರದಲ್ಲಿ ಎಲ್ಲಿ ಎಡವಿದರೋ ಅದನ್ನು ಮರಳಿ ಬಂದು ತಿದ್ದಿಕೊಳ್ಳಲು ಅವಕಾಶ ಇರುತ್ತದೆ. ಕೊನೆಯಲ್ಲಿ ಒಮ್ಮೆ ಕಳಿಸಿದರೆ ತಿದ್ದುವವರೇ ಇಲ್ಲ. ಹೋಟೆಲಿನೊಂದಿಗೆ ಬರಹದ ಒಪ್ಪಂದ ಇಲ್ಲದೆ ಯಾರನ್ನೂ ಕಳಿಸಬೇಡಿ. ಯಾವ ವಾರ ಯಾವ ವಿಭಾಗ, ಜೊತೆಗಿದ್ದು ಕಲಿಸುವವರು ಯಾರು, ದಿನಕ್ಕೆ ಎಷ್ಟು ಗಂಟೆ, ಭತ್ಯೆ ಎಷ್ಟು, ರಾತ್ರಿ ಶಿಫ್ಟ್ ಮುಗಿದ ಮೇಲೆ ಮನೆಗೆ ಹೇಗೆ, ಕಿರುಕುಳವಾದರೆ ಆ ವಿಭಾಗದ ಹೊರಗಿನ ಯಾರಿಗೆ ಹೇಳಬೇಕು, ಎಲ್ಲವೂ ಅದರಲ್ಲಿರಲಿ. ಈ ಕಾಗದ ಇಲ್ಲದ ಕಡೆ ಟ್ರೈನಿಗಳು ಎಂಟು ವಾರವೂ ಚಮಚ ಒರೆಸುತ್ತ ಕಳೆಯುತ್ತಾರೆ. ನಿಮ್ಮ ಶಿಕ್ಷಕರು ಹದಿನೈದು ದಿನಕ್ಕೊಮ್ಮೆ ಹೋಗಿ ಲಾಗ್ ಪುಸ್ತಕದಲ್ಲಿ ಯಾವ ಕೆಲಸಕ್ಕೆ ಸಹಿ ಬಿದ್ದಿದೆ ಎಂದು ನೋಡಬೇಕು. ಆ ಶಿಕ್ಷಕರೂ ವರ್ಷಕ್ಕೆ ಎರಡು ವಾರ ಯೂನಿಫಾರ್ಮ್ ತೊಟ್ಟು ಫ್ಲೋರಿನಲ್ಲಿ ನಿಲ್ಲಲಿ.

ಮೂರು ತಿಂಗಳೊಳಗೆ ಬಿಡುವವರ ವಿಷಯದಲ್ಲಿ ನೇರವಾಗಿ ಹೇಳಬೇಕು: ಅದರಲ್ಲಿ ಒಂದು ಭಾಗ ತರಬೇತಿಯಿಂದ ಸರಿಹೋಗುವಂಥದ್ದಲ್ಲ. ಸಂಬಳ, ವಸತಿ, ರಜೆ ಇಲ್ಲದ ಶಿಫ್ಟ್ ಇವನ್ನು ಯಾವ ಪಠ್ಯವೂ ತುಂಬಿಕೊಡದು. ಎಲ್ಲರೂ ಬಿಟ್ಟುಹೋಗುವ ಹೋಟೆಲಿಗೆ ನಿಮ್ಮ ವಿದ್ಯಾರ್ಥಿಗಳನ್ನು ಕಳಿಸುವುದು ನಿಲ್ಲಿಸಿ, ಕಾರಣವನ್ನೂ ಆ ಹೋಟೆಲಿನವರಿಗೆ ತಿಳಿಸಿ. ನಿಮ್ಮ ಕೈಯಲ್ಲಿರುವುದು ಇನ್ನೊಂದು ಭಾಗ. ಪ್ರವೇಶ ಕೊಡುವ ಮೊದಲೇ ಅಭ್ಯರ್ಥಿ ಒಂದು ಪೂರ್ತಿ ಶಿಫ್ಟ್, ಸಾಧ್ಯವಾದರೆ ವಾರಾಂತ್ಯದ್ದು, ನಿಂತು ನೋಡಲಿ. ಎಂಟು ಗಂಟೆ ನಿಂತೇ ಇರಬೇಕು, ಉಳಿದವರಿಗೆ ರಜೆ ಇದ್ದ ದಿನ ತನಗೆ ಕೆಲಸ ಎಂಬುದು ಸೇರುವ ಮೊದಲೇ ತಿಳಿಯಬೇಕು. ಮನೆಯವರಿಗೂ ತಿಳಿಯಬೇಕು. ಪ್ರವೇಶದ ಸಂಖ್ಯೆ ಇಳಿಯಬಹುದು, ಆದರೆ ಉಳಿದವರು ನಿಲ್ಲುತ್ತಾರೆ.

ಕೊನೆಯದಾಗಿ, ಫಲಿತಾಂಶ ಅಳೆಯುವ ಬಗೆ. ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ತರಬೇತಿಯನ್ನು ಅಳೆಯಲು ನಾಲ್ಕು ಹಂತ ಮುಂದಿಟ್ಟರು: ಕಲಿತವರಿಗೆ ಹೇಗನಿಸಿತು, ಏನು ಕಲಿತರು, ಕೆಲಸದಲ್ಲಿ ಏನು ಬದಲಾಯಿತು, ಸಂಸ್ಥೆಗೆ ಏನು ದಕ್ಕಿತು. ಹೆಚ್ಚಿನ ತರಬೇತಿ ಕೇಂದ್ರಗಳು ಎರಡನೆಯದಕ್ಕೇ ನಿಲ್ಲುತ್ತವೆ. ನಿಮಗೆ ಬೇಕಾದದ್ದು ಮೂರನೆಯದು. ಸೇರಿದ 30ನೇ ದಿನ ಮತ್ತು 90ನೇ ದಿನ ಆಯಾ ಸೂಪರ್‌ವೈಸರ್‌ಗೆ ಒಂದು ಪುಟದ ಪಟ್ಟಿ ಕಳಿಸಿ. ನೀವು ಕಲಿಸಿದ ಮುಖ್ಯ 20 ಕೆಲಸಗಳ ಎದುರು ‘ಒಂಟಿಯಾಗಿ ಮಾಡುತ್ತಾರೆ’, ‘ನೋಡಿಕೊಳ್ಳಬೇಕು’, ‘ಮತ್ತೆ ಕಲಿಸಬೇಕಾಯಿತು’ ಎಂಬ ಮೂರು ಕಾಲಂ ಇದ್ದರೆ ಸಾಕು. ಐದು ನಿಮಿಷಕ್ಕಿಂತ ಹೆಚ್ಚು ಹಿಡಿದರೆ ಅವರು ತುಂಬುವುದಿಲ್ಲ. ಬೇರೆ ಬೇರೆ ಹೋಟೆಲ್‌ಗಳಿಂದ ಒಂದೇ ಕೆಲಸಕ್ಕೆ ಮೂರನೆಯ ಕಾಲಂನಲ್ಲಿ ಗುರುತು ಬಂದರೆ ಮುಂದಿನ ಬ್ಯಾಚಿಗೇ ಆ ಪಾಠವನ್ನು ಬದಲಿಸಿ. ಒಂದೇ ಹೋಟೆಲಿನಿಂದ ಬಂದ ಗುರುತಾದರೆ ಅದು ಬಹುಪಾಲು ಅಲ್ಲಿನದೇ ಪದ್ಧತಿ. ಪಠ್ಯವನ್ನು ಮುಟ್ಟಬೇಡಿ, ಅಲ್ಲಿಗೆ ಹೋಗುವವರಿಗೆ ಸೇರುವ ಹಿಂದಿನ ವಾರ ಅದನ್ನು ಒಂದು ದಿನ ಪ್ರತ್ಯೇಕವಾಗಿ ಅಭ್ಯಾಸ ಮಾಡಿಸಿ ಕಳಿಸಿ.